ಕಂಟೇನರ್ ತೊಳೆದವಳು

ಮಾರ್ಚ್ ೩, ಸೋಮವಾರ

ಡಾಕ್ಟರು ನನ್ನ ತೋಳಿಗೆ ಕಟ್ಟಿದ್ದ ಬಿಪಿ ಪಟ್ಟಿ ಬಿಚ್ಚುತ್ತಾ, ಮನೆಯಲ್ಲಿ ಬೈಯುವುದು ಯಾರು ಎಂದು ಕೇಳಿದರು. ನಾನೇ ಎಂದೆ. ಬೈಸಿಕೊಳ್ಳುವುದು ಯಾರು ಎಂದರು. ಮಿಕ್ಕವರೆಲ್ಲ ಎಂದೆ. ಇನ್ನು ಮೇಲೆ ಬಾಯಿಗೆ ಬಂದದ್ದನ್ನು ಆಡಬೇಡಿ, ಬರೆದುಬಿಡಿ, ಮಾತ್ರೆಯ ಜೊತೆಗೆ ಇದೂ ಒಂದು ಔಷಧ ಎಂದರು. ಕಾಗದಕ್ಕೆ ಕಿವಿಯಿಲ್ಲ, ಎದುರು ಮಾತಾಡುವ ಬಾಯಿಯೂ ಇಲ್ಲ. ಆಗಲಿ, ನೋಡೇ ಬಿಡೋಣ.

ಮೊದಲ ಬೈಗುಳ ಫೋನ್ ರಾಣಿಗೆ. ಫೋನ್ ರಾಣಿ ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಬೆಳಗ್ಗೆ ಎದ್ದರೆ ಕಿವಿಗೆ ಫೋನು, ಮಲಗುವಾಗಲೂ ಕಿವಿಗೆ ಫೋನು. ನಮ್ಮದು ಮಾವನವರ ಕಾಲದ ಬೆತ್ತದ ಕುರ್ಚಿಯ ಕಾರ್ಖಾನೆ. ಕಾರ್ಖಾನೆ ಎನ್ನುವುದು ದೊಡ್ಡ ಮಾತು, ಮನೆಯ ಹಿಂದಿನ ಉದ್ದನೆಯ ತಗಡಿನ ಶೆಡ್ಡು. ನಮ್ಮವರು ಮರ ಕೊಯ್ದು ಚೌಕಟ್ಟು ಕೂಡಿಸುತ್ತಾರೆ, ಮೈದುನ ಪಾಲಿಶ್ ಹಾಕಿ ವ್ಯಾನಿನಲ್ಲಿ ಸಾಗಿಸುತ್ತಾನೆ, ಕೂರುವ ಜಾಗಕ್ಕೆ ಬೆತ್ತ ಹೆಣೆಯುವುದು ನಾನು. ಇವಳು ಬಂದು ಆರು ವರ್ಷವಾಯಿತು, ಒಂದು ಎಳೆ ಬೆತ್ತ ನೆಟ್ಟಗೆ ಎಳೆಯಲು ಬರುವುದಿಲ್ಲ. ಕಾಗದ, ಸಹಿ, ಫೋಟೋ, ಫೋನು, ಇಷ್ಟೇ.

ಅವಳಿಂದಲೇ ಈ ಆರ್ಡರ್ ಬಂತು ಎನ್ನುವುದನ್ನೂ ಬರೆಯಬೇಕಲ್ಲ, ಬರೆಯುತ್ತೇನೆ. ಸಮುದ್ರದಾಚೆ ಯಾವುದೋ ಊರಿನ ಹಳೆಯ ಲೈಬ್ರರಿಯನ್ನು ಹೊಸದು ಮಾಡುತ್ತಿದ್ದಾರೆ, ಅವರಿಗೆ ಬೆತ್ತದ ಕುರ್ಚಿಗಳೇ ಬೇಕಂತೆ. ಒಂದು ಕಂಟೇನರ್ ತುಂಬ. ಇವು ಚೆನ್ನಾಗಿ ಮುಟ್ಟಿದರೆ ಅವರ ಉಳಿದ ಲೈಬ್ರರಿಗಳಿಗೂ ನಮ್ಮಿಂದಲೇ ತರಿಸುತ್ತಾರಂತೆ. ಮುಟ್ಟದಿದ್ದರೆ ಶೆಡ್ಡಿಗೆ ಬೀಗ. ಮುಖ್ಯರಸ್ತೆಯ ಪ್ಲಾಸ್ಟಿಕ್ ಕುರ್ಚಿ ಅಂಗಡಿಯವನು ನಮ್ಮವರನ್ನು ಕೆಲಸಕ್ಕೆ ಕರೆಯುತ್ತಲೇ ಇದ್ದಾನೆ, ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ಕುರ್ಚಿ ತೋರಿಸುವ ಕೆಲಸ. ಈ ಆರ್ಡರ್ ಏನಾಗುತ್ತದೋ ನೋಡಿ ಹೇಳುತ್ತೇನೆ ಎಂದಿದ್ದಾರೆ. ಜೀವಮಾನವೆಲ್ಲ ಮರ ಕೂಡಿಸಿದ ಮನುಷ್ಯ ಪ್ಲಾಸ್ಟಿಕ್ ಕುರ್ಚಿ ಹಿಡಿದು ನಿಲ್ಲುವುದನ್ನು ನೆನೆದರೆ ನನಗೆ ಅಳು ಬರುತ್ತದೆ.

ಮಾರ್ಚ್ ೧೨, ಬುಧವಾರ

ಬೆರಳ ತುದಿಗಳೆಲ್ಲ ಒಡೆದಿವೆ. ಇನ್ನು ಸ್ವಲ್ಪ ಕುರ್ಚಿಗಳಷ್ಟೇ ಉಳಿದಿವೆ.

ರಾಣಿಯವರ ಹೊಸ ಕಾನೂನು: ಕುರ್ಚಿಗಳಿಗೆ ಕಾಗದ ಮಾತ್ರ ಸುತ್ತಬೇಕು, ಪ್ಲಾಸ್ಟಿಕ್ ಕೂಡದು. ಪ್ಲಾಸ್ಟಿಕ್ ಒಳಗೆ ಬೆವರುತ್ತದಂತೆ. ಆಯಿತು. ಆಮೇಲೆ ಹೆಣೆದು ಒಣಗಲು ಇಟ್ಟ ಕುರ್ಚಿಗಳ ಹತ್ತಿರ ಹೋಗಿ ಒಂದೊಂದನ್ನೂ ಮುಟ್ಟಿ ನೋಡಿ, ಅಕ್ಕ, ಇದು ಒಣಗಿದೆಯಾ, ಇದು ಒಣಗಿದೆಯಾ ಎಂದು ಕೇಳಿದಳು. ನೆನೆಸಿದ ಬೆತ್ತ ಹೆಣೆದ ಮೇಲೆ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ನನಗೆ ಹೇಳಿಕೊಡಲು ಬಂದಿದ್ದಾಳೆ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ನಿನ್ನ ಫೋನ್ ನೋಡ್ಕೋ ಹೋಗು ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಬರೆಯುವುದನ್ನು ಬಿಟ್ಟು ಬೈದೇ ಬಿಟ್ಟೆ, ಡಾಕ್ಟರಿಗೆ ಹೇಳುವವರು ಯಾರೂ ಇಲ್ಲ.

ಎರಡು ಜಡೆ ಸೇರುವುದಿಲ್ಲ ಎಂದು ಸುಮ್ಮನೆ ಹೇಳಿಲ್ಲ. ಯಜಮಾನಿಕೆ ಎನ್ನುವುದು ಒಂದು ಮನೆಯಲ್ಲಿ ಒಬ್ಬರದೇ ಇರಬೇಕು, ಈ ಮನೆಯಲ್ಲಿ ಅದು ನನ್ನದು.

ಮಾರ್ಚ್ ೧೬, ಭಾನುವಾರ

ಕಂಟೇನರ್ ಬಂತು! ಬೀದಿಯ ತಿರುವಿನಲ್ಲಿ ಅಷ್ಟುದ್ದದ ಲಾರಿಯನ್ನು ಹಿಂದೆ ಮುಂದೆ ಮಾಡುತ್ತಾ ಚಾಲಕ ಬೆವತುಹೋದ. ಎದುರು ಮನೆಯವರ ಗೇಟು ಉಳಿದದ್ದೇ ಹೆಚ್ಚು. ನಾಳೆ ಬೆಳಗ್ಗೆ ತುಂಬಿಸುವುದು, ಇವತ್ತು ರಾತ್ರಿ ಶೆಡ್ಡಿನ ಮುಂದೆ ನಿಂತಿರುತ್ತದೆ.

ಸಂಜೆ ಚಾಲಕನನ್ನು ಊಟಕ್ಕೆ ಕರೆದುಕೊಂಡು ನಮ್ಮವರೂ ಮೈದುನನೂ ಹೊರಗೆ ಹೋದರು. ಅವರು ಹೋಗುವ ಮುಂಚೆ ರಾಣಿ ಎರಡು ಬಾಗಿಲೂ ತೆಗೆಸಿ, ಒಳಗೆ ಟಾರ್ಚ್ ಬಿಟ್ಟು, ಫೋಟೋ ಹೊಡೆದು, ಪೊರಕೆಯಲ್ಲಿ ಒಂದು ಸಲ ಗುಡಿಸಿ ಹೊರಬಂದಳು. ಸಾಕಾ ಎಂದೆ. ಸಾಕು ಅಕ್ಕ ಎಂದು ಫೋನ್ ಹಿಡಿದು ಒಳಗೆ ಹೋದಳು. ನಾನು ಹತ್ತಿ ನೋಡಿದೆ. ಅದನ್ನು ಗುಡಿಸಿದ್ದು ಎನ್ನುತ್ತಾರಾ? ನೆಲದ ತುಂಬ ಎಣ್ಣೆಯೋ ಏನೋ ಕಪ್ಪು ಕಲೆ, ಮೂಲೆಯಲ್ಲಿ ಹಿಂದಿನವರು ಸಾಗಿಸಿದ ಯಾವುದೋ ಪುಡಿ, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ನನ್ನ ಕುರ್ಚಿಗಳನ್ನು ಈ ಕೊಳಕಿನಲ್ಲಿ ಕಳಿಸುವುದೇ? ಮಗಳನ್ನು ಮದುವೆ ಮಾಡಿ ಕಳಿಸುವಾಗ ಕೊಟ್ಟಿಗೆಯಲ್ಲಿ ಕೂರಿಸುತ್ತಾರೆಯೇ?

ಎರಡು ಬಕೆಟ್ ನೀರು ತಂದೆ. ಆಮೇಲೆ ಇನ್ನೆರಡು. ಸೋಪಿನ ಪುಡಿ ಹಾಕಿ, ಗಟ್ಟಿ ಪೊರಕೆಯಲ್ಲಿ ಮಂಡಿಯೂರಿ ಕೂತು ತಿಕ್ಕಿದೆ. ನೀರನ್ನು ಬಾಗಿಲ ಕಡೆಗೆ ತಳ್ಳಿ, ಹಳೆಯ ಬಟ್ಟೆಯಲ್ಲಿ ಒರೆಸಿ, ಬೀದಿಯ ಧೂಳು ಹೊಗದಂತೆ ಎರಡು ಬಾಗಿಲೂ ಮುಚ್ಚಿದೆ. ಸೊಂಟ ಹಿಡಿದುಕೊಂಡಿದೆ. ಆದರೂ ಏನು ಸಮಾಧಾನ! ಸೋಮಾರಿಗಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಯಾರಿಗೂ ಹೇಳಲು ಹೋಗಲಿಲ್ಲ, ನಾನು ಡಂಗುರ ಹೊಡೆಯುವವಳಲ್ಲ.

ಮಾರ್ಚ್ ೧೭, ಸೋಮವಾರ

ತುಂಬಿಸಿದ್ದಾಯಿತು. ಹೋಯಿತು.

ನಮ್ಮವರು ಪ್ರತಿ ಕುರ್ಚಿಯನ್ನೂ ಮಗುವಿನ ಹಾಗೆ ಎತ್ತಿ ಕೊಟ್ಟರು. ಒಂದರ ಮೇಲೊಂದು ತಲೆಕೆಳಗಾಗಿ ಕೂರಿಸುತ್ತಾ, ಸಂದಿಗೆಲ್ಲ ರಟ್ಟು ತುರುಕುತ್ತಾ ಮಧ್ಯಾಹ್ನವಾಯಿತು. ಬಂದರಿನ ಏಜೆಂಟು ಬಂದು ಬಾಗಿಲು ಹಾಕಿಸಿ, ಕಡ್ಡಿಯಂಥ ಕಬ್ಬಿಣದ ಸೀಲನ್ನು ಟಕ್ ಎಂದು ಒತ್ತಿದ. ಈ ಏಜೆಂಟಿಗೆ ನಾನು ಇಟ್ಟ ಹೆಸರು ಗಡಿಯಾರ. ಎರಡು ಮಾತಿಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಾನೆ, ಚಹಾ ಕುಡಿಯುವಾಗಲೂ. ಇನ್ನು ಆಚೆ ದಡದಲ್ಲೇ ಇದು ತೆರೆಯುವುದು ಎಂದ. ರಾಣಿ ಕಾಗದಗಳಿಗೆ ಸಹಿ ಹಾಕಿದಳು.

ಲಾರಿ ತಿರುವು ದಾಟಿ ಮರೆಯಾದ ಮೇಲೆ ಶೆಡ್ಡಿನೊಳಗೆ ಬಂದೆ. ಖಾಲಿ. ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ನಮ್ಮವರು ಮೂಲೆಯಲ್ಲಿ ಕೂತು ಉಳಿಗೆ ಎಣ್ಣೆ ಸವರುತ್ತಿದ್ದರು, ಕೆಲಸವಿಲ್ಲದಿದ್ದರೂ. ಚೆನ್ನಾಗಿ ಮುಟ್ಟುತ್ತೆ ಬಿಡಿ ಎಂದೆ. ನೀನು ಹೆಣೆದದ್ದು ಅಲ್ವಾ ಎಂದರು. ಮದುವೆಯಾದ ಮೇಲೆ ಇಂಥ ಮಾತು ಎಷ್ಟು ಸಲ ಆಡಿದ್ದಾರೋ, ಬೆರಳುಗಳು ಸಾಕು ಲೆಕ್ಕಕ್ಕೆ.

ಮಾರ್ಚ್ ೧೮, ಮಂಗಳವಾರ

ಗಡಿಯಾರ ಫೋನ್ ಮಾಡಿದ್ದ. ಹಡಗು ಹಿಂದಿನ ಬಂದರಿನಲ್ಲೇ ಸಿಕ್ಕಿಕೊಂಡಿದೆ, ನಾಲ್ಕೈದು ದಿನ ತಡ, ಕಂಟೇನರ್ ಇಲ್ಲಿಯ ಬಂದರಿನ ಅಂಗಳದಲ್ಲಿ ಕಾಯುತ್ತಿದೆ ಎಂದನಂತೆ. ಅವನು ಕೇಳಿದ್ದಕ್ಕೆಲ್ಲ ಓರಗಿತ್ತಿ ಹೂಂ ಹೂಂ ಎನ್ನುತ್ತಿದ್ದಳು. ನೆಲ ಒಣಗಿತ್ತು, ಹೂಂ, ಗುಡಿಸಿದ್ದಷ್ಟೇ, ನೀರು ಸೋಕಿಸಿಲ್ಲ ಎಂದಳು.

ನಾನು ಬೆತ್ತ ಸೀಳುತ್ತಿದ್ದೆ. ಕೈ ನಿಂತಿತು. ನೀರು ಸೋಕಿದರೆ ಏನಾಗುತ್ತೆ ಎಂದು ಸುಮ್ಮನೆ ಕೇಳುವ ಹಾಗೆ ಕೇಳಿದೆ. ಹೇಳಿದಳು. ಪೆಟ್ಟಿಗೆ ಕಬ್ಬಿಣದ್ದಾದರೂ ನೆಲ ಮರದ ಹಲಗೆಯಂತೆ, ಸ್ಪಂಜಿನಂತೆ ನೀರು ಕುಡಿಯುತ್ತದಂತೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಇರುತ್ತದಂತೆ. ಹಗಲು ಬಿಸಿಲಿಗೆ ಆ ತೇವ ಆವಿಯಾಗಿ ಮೇಲೇರಿ, ರಾತ್ರಿ ತಣ್ಣಗಾದಾಗ ಚಾವಣಿಯಿಂದ ತೊಟ್ಟಿಕ್ಕುತ್ತದಂತೆ. ಸಮುದ್ರದ ಮೇಲೆ ದಿನಾ ಹೀಗೆ. ಒಳಗೇ ಮಳೆ. ಬೆತ್ತಕ್ಕೆ ಬೂಷ್ಟು ಹಿಡಿದು ಕಪ್ಪಾಗಲು ಅಷ್ಟು ಸಾಕಂತೆ.

ಬೆತ್ತಕ್ಕೆ ಎಷ್ಟು ಸಾಕು ಎನ್ನುವುದು ನನಗೆ ಗೊತ್ತಿಲ್ಲವೇ?

ಮಾರ್ಚ್ ೧೯, ಬುಧವಾರ

ಊಟ ಸೇರಲಿಲ್ಲ. ಗಂಟಲಲ್ಲಿ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಸ್ವಲ್ಪವೇ ನೀರು ಹಾಕಿದ್ದು. ಒರೆಸಿದ್ದೆನಲ್ಲ. ಒರೆಸಿದ್ದೆ.

ನಾಲ್ಕು ಬಕೆಟ್.

ಮಾರ್ಚ್ ೨೦, ಗುರುವಾರ

ಹೇಳಿಬಿಟ್ಟೆ.

ಬೆಳಗ್ಗೆ ನಮ್ಮವರು ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಾ, ಆ ಪ್ಲಾಸ್ಟಿಕ್ ಅಂಗಡಿಯಲ್ಲಿ ನಿಂತರೆ ಕೂದಲಿಗೆ ಬಣ್ಣ ಹಚ್ಚಬೇಕೇನೋ ಎಂದರು, ತಮಾಷೆಗೆ. ನನಗೆ ನಗು ಬರಲಿಲ್ಲ. ಸೀದಾ ಅಂಗಳಕ್ಕೆ ಹೋದೆ. ಓರಗಿತ್ತಿ ಬಟ್ಟೆ ಹರವುತ್ತಿದ್ದಳು. ಹಗ್ಗದ ಈಚೆ ನಾನು, ಆಚೆ ಅವಳು, ನಡುವೆ ಒದ್ದೆ ಚಾದರ. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು. ಕಂಟೇನರನ್ನು ನಾನು ತೊಳೆದೆ ಎಂದೆ. ಎಷ್ಟು ನೀರು ಎಂದು ಕೇಳಿದಳು. ಹೇಳಿದೆ. ಬೈಯಲಿ ಎಂದು ಕಾದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬೀದಿ ಕೊನೆಯವರಿಗೆ ಕೇಳುತ್ತಿತ್ತು.

ಚಾದರ ಸರಿಸಿ ಈಚೆ ಬಂದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. "ಅಕ್ಕ, ಹಡಗು ಇನ್ನೂ ಬಂದಿಲ್ಲ. ಆಮೇಲೆ ಅಳೋಣ, ಮೊದಲು ಫೋನ್ ಮಾಡ್ತೀನಿ."

ಕಂಟೇನರ್ ತೆರೆಸಬೇಕು ಎಂದದ್ದಕ್ಕೆ ಗಡಿಯಾರ ಮೊದಲು ಸಾಧ್ಯವೇ ಇಲ್ಲ ಎಂದ. ಸೀಲ್ ಒಡೆಯಬೇಕು, ಸುಂಕದವರ ಒಪ್ಪಿಗೆ ಬೇಕು, ಮಾಲು ಇಳಿಸಲು ಶೆಡ್ಡು ಬೇಕು, ಹೊಸ ಸೀಲು, ಹೊಸ ಕಾಗದ. ಅವಳು ಬಿಡಲಿಲ್ಲ. ಒಂದು ಸಲ ಬೇಡಿಕೊಂಡಳು, ಒಂದು ಸಲ ಗದರಿಸಿದಳು, ಒಂದು ಸಲ ಅವನ ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳಿದಳು. ಅವನಿಗೆ ಮಗಳಿದ್ದಾಳೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಒಪ್ಪಿಕೊಂಡು, ನೀರು ಹಾಕಿದ ಪುಣ್ಯಾತ್ಮರು ಯಾರು ಎಂದು ಕೇಳಿದನಂತೆ.

"ನಾನೇ. ಗೊತ್ತಾಗ್ಲಿಲ್ಲ, ತೊಳೆಸಿಬಿಟ್ಟೆ" ಎಂದಳು.

ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಫೋನ್ ಇಟ್ಟ ಮೇಲೆ, ಹಾಗ್ಯಾಕೆ ಹೇಳಿದೆ ಎಂದು ಕೇಳಿದೆ. ಕಾಗದದಲ್ಲಿ ನನ್ನ ಸಹಿ ಇದೆಯಲ್ಲ ಅಕ್ಕ, ಬೇರೆಯವರು ಎಂದರೆ ಇನ್ನೂ ನೂರು ಪ್ರಶ್ನೆ ಕೇಳ್ತಾನೆ ಎಂದಳು. ಗಂಡಸರಿಗೂ ಅದನ್ನೇ ಹೇಳಿದಳು. ನಮ್ಮವರು ದನಿ ಎತ್ತುವವರಲ್ಲ, ಇವತ್ತು ಎತ್ತಿದರು. ಎಲ್ಲರ ದುಡಿಮೆ ನೀರುಪಾಲು ಮಾಡಿದೆಯಲ್ಲಮ್ಮ ಎಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾನು ಒಲೆಯ ಮುಂದೆ ನಿಂತು, ಕುದಿದ ಹಾಲನ್ನೇ ಮತ್ತೆ ಕುದಿಸುತ್ತಿದ್ದೆ.

ಮಾರ್ಚ್ ೨೩, ಭಾನುವಾರ, ಬಂದರಿನಲ್ಲಿ

ನಿನ್ನೆಯಿಂದ ಇಲ್ಲೇ ಇದ್ದೇವೆ, ಅವಳೂ ನಾನೂ. ಬಂದರಿನ ಪಕ್ಕದ ವಸತಿಗೃಹದ ಕೋಣೆ, ಒಂದೇ ಮಂಚ. ಗೊರಕೆ ನನ್ನದೇ ಎಂದು ಅವಳು, ಅವಳದೇ ಎಂದು ನಾನು.

ಇಷ್ಟು ವರ್ಷದಲ್ಲಿ ಬಂದರು ನೋಡಿರಲಿಲ್ಲ. ಕಂಟೇನರುಗಳನ್ನು ಇಟ್ಟಿಗೆಯ ಹಾಗೆ ಒಂದರ ಮೇಲೊಂದು ಪೇರಿಸಿದ್ದಾರೆ, ಕತ್ತು ಎತ್ತಿ ನೋಡಿದರೆ ತಲೆ ತಿರುಗುತ್ತದೆ. ಕ್ರೇನು ಒಂದನ್ನು ಎತ್ತಿ ಆಕಾಶದಲ್ಲಿ ತೂಗಾಡಿಸುತ್ತಾ ಒಯ್ಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಮನೆಯ ಮುಂದೆ ಬೀದಿಯನ್ನೇ ತುಂಬಿದ್ದ ನಮ್ಮ ನೀಲಿ ಪೆಟ್ಟಿಗೆ ಇಲ್ಲಿ ಯಾವ ಮೂಲೆಗೆ. ಇದರಲ್ಲೆಲ್ಲ ಯಾರ ಯಾರ ಮನೆಯ ಅನ್ನ ಇದೆಯೋ ಎಂದೆ. ಪುಣ್ಯಕ್ಕೆ ಎಲ್ಲರೂ ತೊಳೆದಿರಲ್ಲ ಬಿಡಿ ಅಕ್ಕ ಎಂದಳು. ನಾನೂ ನಕ್ಕೆ. ಎಷ್ಟು ದಿನವಾಗಿತ್ತು ನಕ್ಕು.

ಸುಂಕದ ಅಧಿಕಾರಿಯ ಎದುರಿಗೇ ಸೀಲ್ ಕತ್ತರಿಸಿದರು. ಬಾಗಿಲು ತೆರೆದಾಗ ಬಂದ ವಾಸನೆ ನನ್ನ ಸೋಪಿನ ಪುಡಿಯದು, ಜೊತೆಗೆ ಒದ್ದೆ ಮರದ್ದು. ಚಾವಣಿಯಲ್ಲಿ ಸಾಲಾಗಿ ಹನಿಗಳು ನೇತಾಡುತ್ತಿದ್ದವು. ಅವಳು ನನ್ನ ಮೊಣಕೈ ಹಿಡಿದು, ಬನ್ನಿ ಎಂದಳು. ಹಮಾಲಿಗಳ ಜೊತೆಗೆ ನಾವೂ ಇಳಿಸಿದೆವು. ಒಂದೊಂದರ ಕಾಗದ ಬಿಚ್ಚಿ ನೋಡುವುದು, ಒಣಗಿದ್ದು ಈ ಕಡೆ, ಮೆತ್ತಗಾದದ್ದು ಆ ಕಡೆ. ಹೆಚ್ಚಿನವು ಬದುಕಿದ್ದವು. ಒಳಗಿನ ಕೊನೆಯ ಸಾಲುಗಳಲ್ಲಿ ಬೆತ್ತದ ಮೇಲೆ ಬಿಳಿಯ ಬೂಷ್ಟು, ಹಿಟ್ಟು ಉದುರಿಸಿದ ಹಾಗೆ. ವಿನೆಗರ್ ತರಿಸಿ, ಬಟ್ಟೆಯ ತುದಿಯಲ್ಲಿ ಎಳೆ ಎಳೆಯನ್ನೂ ಒರೆಸಿ ಬಿಸಿಲಿಗೆ ಇಟ್ಟೆವು. ಒರೆಸುವುದನ್ನು ಒಂದು ಸಲ ತೋರಿಸಿದೆ, ಆಮೇಲೆ ಅವಳೇ ಮಾಡಿದಳು. ನೆಟ್ಟಗೇ ಮಾಡುತ್ತಾಳೆ. ಅವಳ ಬೆರಳು ಸಣ್ಣವು, ಸಂದಿಗೆ ಸಲೀಸಾಗಿ ಹೋಗುತ್ತವೆ.

ಮೂರು ಕುರ್ಚಿಗಳ ಎಳೆ ಕಪ್ಪಾಗಿದೆ. ಪಾಲಿಶ್ ಸವರಿದರೆ ಕಾಣುವುದಿಲ್ಲ ಎಂದೆ. ಅವಳು ಇಲ್ಲ ಎಂದಳು, ಮೂರು ಕಮ್ಮಿ ಇದೆ ಎಂದು ಬರೆದು ತಿಳಿಸೋಣ, ಕಪ್ಪಾದದ್ದನ್ನು ಅಡಗಿಸಿ ಕಳಿಸೋದು ಬೇಡ. ವಾದಕ್ಕಿಳಿಯಲು ಬಾಯಿ ತೆರೆದೆ. ಆಮೇಲೆ ಆ ಮೂರನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಮಾರ್ಚ್ ೨೪, ಸೋಮವಾರ

ಬಿಸಿಗಾಳಿ ಊದುವ ಎರಡು ಯಂತ್ರಗಳನ್ನು ಗಡಿಯಾರನೇ ಎಲ್ಲಿಂದಲೋ ತಂದ. ನೆಲಕ್ಕೆ ರಾತ್ರಿಯೆಲ್ಲ ಊದಿಸಿ, ಬೆಳಗ್ಗೆ ತೇವ ಅಳೆಯುವ ಯಂತ್ರದ ಮುಳ್ಳನ್ನು ಹಲಗೆಗೆ ಚುಚ್ಚಿ ನೋಡಿದ. ಇನ್ನೂ ಇದೆ ಎಂದ. ಮಧ್ಯಾಹ್ನ ಮತ್ತೆ ಚುಚ್ಚಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ತಲೆಯಾಡಿಸಿದ. ಮತ್ತೆ ತುಂಬಿಸಿದೆವು. ಈ ಸಲ ತೇವ ಹೀರುವ ಉಪ್ಪಿನ ಚೀಲಗಳನ್ನು ಗೋಡೆಗುಂಟ ನೇತುಹಾಕಿದರು. ಹೊಸ ಸೀಲು ಬಿತ್ತು.

ಇಷ್ಟು ಹೊತ್ತೂ ಗಡಿಯಾರ ಅವಳನ್ನು ಕಂಟೇನರ್ ತೊಳೆದಮ್ಮ ಎಂದೇ ಕರೆಯುತ್ತಿದ್ದ. ಹಮಾಲಿಗಳೂ ಕಲಿತುಕೊಂಡರು. ಅವಳು ನಗುತ್ತಾ ಓ ಎನ್ನುತ್ತಿದ್ದಳು. ಪ್ರತಿ ಸಲ ನನಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಏಪ್ರಿಲ್ ೧, ಮಂಗಳವಾರ

ಹಡಗು ನಡುಸಮುದ್ರದಲ್ಲಿದೆ. ಮೈದುನ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದ, ಎಲ್ಲ ನೀಲಿ, ನಡುವೆ ಒಂದು ಚುಕ್ಕೆ. ಆ ಚುಕ್ಕೆಯ ಮೇಲೆ ಹಗಲಾಗುತ್ತದೆ, ರಾತ್ರಿಯಾಗುತ್ತದೆ, ಒಳಗೆ ಏನಾಗುತ್ತಿದೆಯೋ ಯಾರಿಗೆ ಗೊತ್ತು.

ಊಟದ ಹೊತ್ತಿಗೆ ನಮ್ಮವರು ಮೈದುನನಿಗೆ ಹೇಳಿದರು, ಇವು ನೆಟ್ಟಗೆ ಮುಟ್ಟಿ ಮುಂದಿನ ಆರ್ಡರ್ ಬಂದರೆ ಸಾಗಿಸುವುದೆಲ್ಲ ದೊಡ್ಡವಳೇ ನೋಡಿಕೊಳ್ಳಲಿ, ಬಂದರಿಗೆ ಹೋಗಿ ಮಾಲು ಉಳಿಸಿದವಳು ಅವಳಲ್ಲವೇ, ಕಿರಿಯವಳಿಗೆ ಇನ್ನೂ ತಿಳುವಳಿಕೆ ಸಾಲದು. ಮೈದುನ ಹೆಂಡತಿಯ ಮುಖ ನೋಡಿ ತಟ್ಟೆಯ ಕಡೆಗೆ ತಿರುಗಿದ. ಸುಳ್ಳು ಬರೆಯುವುದಿಲ್ಲ, ಒಂದು ಗಳಿಗೆ ನನಗೆ ಹಿತವಾಯಿತು. ಒಂದೇ ಗಳಿಗೆ.

ಕಿರಿಯವಳು ತಟ್ಟೆ ತೊಳೆದಿಟ್ಟು, ತನ್ನ ಫೋನನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದಳು.

ಏಪ್ರಿಲ್ ೫, ಶನಿವಾರ

ಮನೆಯಲ್ಲಿ ಫೋನಿನ ಸದ್ದೇ ಇಲ್ಲ. ಬೆಳಗ್ಗೆ ಎದ್ದರೆ ಬಿಕೋ ಎನ್ನುತ್ತದೆ. ಕಿರಿಯವಳು ಶೆಡ್ಡಿಗೆ ಬಂದು, ಹೆಣೆಯುವುದು ಕಲಿಸಿ ಅಕ್ಕ ಎಂದು ಕೂತಳು. ಆರು ವರ್ಷದಿಂದ ನಾನು ಬೇಕೆಂದದ್ದು ಇದನ್ನೇ. ಕಲಿಸಿದೆ. ಕಲಿತಳು. ಬೆತ್ತ ಎಳೆಯುವಾಗ ಅವಳ ಕಣ್ಣು ಮಾತ್ರ ಎಲ್ಲೋ ಇತ್ತು. ಯಾಕೋ ನನಗೆ ಬೇಡವೆನ್ನಿಸಿತು, ಎದ್ದು ಫೋನ್ ಹಿಡ್ಕೊಳ್ಳೇ ಮಾರಾಯ್ತಿ ಎನ್ನಬೇಕೆನ್ನಿಸಿತು.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಕಥೆಯಲ್ಲಿ ಮೇಕೆ ತಾನೇ ಬಂದು ಬಾಯಿ ಒಡ್ಡಿತು, ನಿಜ. ಅಷ್ಟಕ್ಕೆ ಕೋತಿ ಕೋತಿಯಲ್ಲದೆ ಹೋಗುತ್ತದೆಯೇ?

ಏಪ್ರಿಲ್ ೬, ಭಾನುವಾರ

ಮಧ್ಯಾಹ್ನ ಎಲ್ಲರೂ ಶೆಡ್ಡಿನಲ್ಲಿದ್ದರು. ಗಡಿಯಾರನೂ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಬಂದಿದ್ದ. ಇಷ್ಟು ಜನ ಒಟ್ಟಿಗೆ ಸಿಗುವುದು ಮತ್ತೆ ಯಾವಾಗಲೋ ಎಂದುಕೊಂಡು ಎದ್ದು ನಿಂತೆ. ಕೆಲಸದ ಬೆಂಚಿನ ತುದಿ ಹಿಡಿದುಕೊಂಡೆ.

"ಕಂಟೇನರ್ ತೊಳೆದದ್ದು ನಾನು. ಅವಳು ನೀರು ಮುಟ್ಟಿಲ್ಲ. ಗುಡಿಸಿದ್ದು ಸಾಕು ಅಂತ ಹೇಳಿದ್ಲು, ನಾನು ಕೇಳಲಿಲ್ಲ. ನನ್ನ ಮೇಲೆ ಬರೋದನ್ನ ಅವಳು ಹೊತ್ಕೊಂಡ್ಲು, ನಾನು ಸುಮ್ನೆ ನೋಡ್ತಾ ಇದ್ದೆ."

ಗಡಿಯಾರ ಗಡಿಯಾರ ನೋಡಿಕೊಳ್ಳುವುದನ್ನು ಮರೆತ. ಮೊದಲು ಬಾಯಿ ಬಿಟ್ಟವನು ಮೈದುನ.

"ನಾನೂ ಯೋಚನೆ ಮಾಡ್ತಿದ್ದೆ ಅತ್ತಿಗೆ. ನಮ್ಮ ರೂಮನ್ನೇ ಹೇಳಿ ಹೇಳಿ ತೊಳೆಸಬೇಕು, ಇವಳು ಬಾಡಿಗೆ ಡಬ್ಬಿ ಯಾಕೆ ತೊಳೆದಳು ಅಂತ."

ಕಿರಿಯವಳು ಕೈಗೆ ಸಿಕ್ಕ ಬೆತ್ತದ ತುಂಡನ್ನು ಅವನ ಮೇಲೆ ಎಸೆದಳು. ಗಡಿಯಾರ ಬಿದ್ದು ಬಿದ್ದು ನಕ್ಕ. ನಮ್ಮವರು ನಗಲಿಲ್ಲ. ನನ್ನನ್ನು ನೋಡಿದರು, ಅವಳನ್ನು ನೋಡಿದರು, ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಲೋಟ ಚಹಾ ಹಿಡಿದು ಬಂದರು. ಈ ಮನುಷ್ಯ ಒಲೆ ಹಚ್ಚಿದ್ದನ್ನು ನಾನು ನೋಡಿದ್ದೇ ಇಲ್ಲ. ಲೋಟವನ್ನು ಕಿರಿಯವಳ ಮುಂದೆ ಇಟ್ಟು, "ಅವತ್ತು ಜಾಸ್ತಿ ಮಾತಾಡಿಬಿಟ್ಟೆ ಕಣಮ್ಮ" ಎಂದರು.

ಚಹಾಕ್ಕೆ ಸಕ್ಕರೆ ಇರಲಿಲ್ಲವಂತೆ. ಅವಳು ಪೂರ್ತಿ ಕುಡಿದಳು.

ನನಗೆ ಯಾರೂ ಚಹಾ ಕೊಡಲಿಲ್ಲ, ಅದೂ ಸರಿಯೇ. ಸಂಜೆ ಡ್ರಾಯರ್ ತೆರೆದ ಸದ್ದು ಕೇಳಿತು.

ಏಪ್ರಿಲ್ ೧೮, ಶುಕ್ರವಾರ

ಬರೆಯದೆ ಬಹಳ ದಿನವಾಯಿತು. ಬೈಯುವಂಥದ್ದು ಏನೂ ಸಿಗುತ್ತಿಲ್ಲ, ವಯಸ್ಸಾಯಿತೋ ಏನೋ. ಹಡಗು ನಾಳಿದ್ದು ದಡ ಸೇರುತ್ತದೆ. ಆಮೇಲೆ ಅಲ್ಲಿಯ ಸುಂಕದವರು, ಆಮೇಲೆ ಲಾರಿ, ಆಮೇಲೆ ಲೈಬ್ರರಿ. ಪ್ಲಾಸ್ಟಿಕ್ ಅಂಗಡಿಯವನು ಮತ್ತೆ ಬಂದಿದ್ದ. ತಿಂಗಳ ಕೊನೆಗೆ ಹೇಳದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾನಂತೆ. ನಮ್ಮವರು ಅಷ್ಟರೊಳಗೆ ಹೇಳುತ್ತೇನೆ ಎಂದರು.

ಏಪ್ರಿಲ್ ೨೫, ಶುಕ್ರವಾರ

ಸುದ್ದಿಯಿಲ್ಲ. ತಂಗಿ, ಎಂದರೆ ನಮ್ಮ ಕಿರಿಯವಳೇ, ಎರಡು ಸಲ ಬರೆದು ಕೇಳಿದಳು. ಉತ್ತರವಿಲ್ಲ. ಕಪ್ಪಾಗಿದ್ದರೆ ಇಷ್ಟು ಹೊತ್ತಿಗೆ ಬೈದು ಬರೆಯುತ್ತಿದ್ದರು ಎಂದು ನಾನು ಅವಳಿಗೆ ಸಮಾಧಾನ ಹೇಳಿದೆ. ಅದನ್ನೇ ಅವಳು ನನಗೆ ಹೇಳಿದಳು.

ಏಪ್ರಿಲ್ ೨೯, ಮಂಗಳವಾರ

ತಂಗಿ ಮೈದುನನ ಜೊತೆ ಮರ ನೋಡಲು ಹೋಗಿದ್ದಳು, ಫೋನನ್ನು ಚಾರ್ಜಿಗೆ ಹಾಕಿ. ಅದು ಹೊಡೆದುಕೊಂಡಿತು. ಬಿಟ್ಟೆ. ಮತ್ತೆ ಹೊಡೆದುಕೊಂಡಿತು. ಕೈ ಒರೆಸಿಕೊಂಡು ಎತ್ತಿದೆ.

ಹೆಂಗಸಿನ ದನಿ, ಆ ಲೈಬ್ರರಿಯವರು. ನನ್ನ ಅಷ್ಟಿಷ್ಟು ಇಂಗ್ಲಿಷಿಗೂ ತಿಳಿಯುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಿದರು. ಕುರ್ಚಿಗಳು ಬಂದಿವೆ, ಎಲ್ಲ ಬಿಚ್ಚಿ ನೋಡಿಯೇ ಫೋನ್ ಮಾಡೋಣ ಎಂದು ತಡ ಮಾಡಿದೆವು ಎಂದರು. ಬೆತ್ತ ಹೇಗಿದೆ ಎಂದು ಕೇಳಿದೆ, ಬೇರೇನೂ ಬಾಯಿಗೆ ಬರಲಿಲ್ಲ. ಎಲ್ಲ ಚೆನ್ನಾಗಿದೆ ಎಂದರು. ಒಂದೂ ಕಪ್ಪಾಗಿಲ್ಲವಾ ಎಂದೆ. ಒಂದೂ ಇಲ್ಲ, ಮೂರು ಕಮ್ಮಿ ಅಂತ ನೀವೇ ಮುಂಚೆ ಬರೆದು ತಿಳಿಸಿದ್ದಿರಲ್ಲ, ಅದು ನಮಗೆ ಬಹಳ ಹಿಡಿಸಿತು ಎಂದರು. ಆಗಲೇ ಜನ ಕೂತು ಓದುತ್ತಿದ್ದಾರಂತೆ. ಒಬ್ಬ ಮುದುಕ ಕೂತಲ್ಲೇ ನಿದ್ದೆಹೋಗಿದ್ದಾನಂತೆ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಇನ್ನೆರಡು ಲೈಬ್ರರಿಗೆ ಬೇಕು, ಆ ವಿಷಯ ಯಾರ ಹತ್ತಿರ ಮಾತಾಡಬೇಕು, ನೀವೇ ಯಜಮಾನಿಯಾ ಎಂದು ಕೇಳಿದರು.

"ನಾನು ಹೆಣೆಯೋಳು" ಎಂದೆ. "ಯಜಮಾನಿ ಹೊರಗೆ ಹೋಗಿದಾಳೆ. ಅರ್ಧ ಗಂಟೆ ಬಿಟ್ಟು ಮಾಡಿ, ಅವಳೇ ಮಾತಾಡ್ತಾಳೆ."

ಶೆಡ್ಡಿಗೆ ಹೋಗಿ ಹೇಳಿದೆ. ನಮ್ಮವರು ಕೈಯಲ್ಲಿದ್ದ ಗರಗಸ ಕೆಳಗಿಟ್ಟರು. ಅಂಗಿ ತೊಟ್ಟುಕೊಂಡು, ಪ್ಲಾಸ್ಟಿಕ್ ಅಂಗಡಿಗೆ ಬರುವುದಿಲ್ಲವೆಂದು ಹೇಳಿಬರಲು ಹೊರಟರು. ನಾಳೆ ಹೋಗಿ ಎಂದೆ, ಕೇಳಲಿಲ್ಲ. ಬರುವಾಗ ಸೊಂಟ ಹಿಡಿದುಕೊಂಡಿದ್ದರು. ಅಂಗಡಿಯವನು ಮಾತಿಗೆ ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದನಂತೆ, ಅಷ್ಟಕ್ಕೇ ಸೊಂಟ ಹೋಯಿತಂತೆ.

ತಂಗಿ ಬಂದಾಗ ಫೋನಿನ ಸುದ್ದಿ ಹೇಳಿದೆ. ಅಂಗಳದಲ್ಲೇ ನನ್ನನ್ನು ತಬ್ಬಿಕೊಂಡು ಒಂದು ಸುತ್ತು ಸುತ್ತಿದಳು, ನನ್ನ ಈ ಸೊಂಟದಲ್ಲಿ. ಆಮೇಲೆ ನಿಂತು, ಎಷ್ಟು ಕುರ್ಚಿ ಬೇಕಂತೆ ಎಂದಳು. ಕೇಳಲಿಲ್ಲ ಎಂದೆ. ಯಾವಾಗ ಕಳಿಸಬೇಕಂತೆ ಎಂದಳು. ಅದನ್ನೂ ಕೇಳಲಿಲ್ಲ.

"ಏನಕ್ಕ ನೀವು! ಅಷ್ಟು ದೂರದಿಂದ ಫೋನ್ ಬಂದ್ರೆ ಮುದುಕ ನಿದ್ದೆ ಮಾಡಿದ್ದನ್ನ ಕೇಳ್ಕೊಂಡು ಇಟ್ಬಿಟ್ರಾ?"

ಇನ್ನೂ ಏನೇನೋ ಅಂದಳು. ಅವಳ ದನಿ ಎದುರು ಮನೆಯವರಿಗೂ ಕೇಳಿಸಿರಬೇಕು. ನಾನು ಕಟ್ಟೆಯ ಮೇಲೆ ಕೂತು, ಬೆತ್ತ ನೆನೆಹಾಕುತ್ತಾ, ಅವಳು ಮುಗಿಸುವವರೆಗೂ ಕೇಳಿಸಿಕೊಂಡೆ.